ಕಲ್ಲಿನ ರಥದ ಮುಂದೆ

ಹಂಪೆಗೆ ಹೋಗಿಬಂದವರಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಚಿತ್ರ ಒಂದಾದರೂ ಇದ್ದೇ ಇರುತ್ತದೆ. ಅವನ್ನೆಲ್ಲ ಒಂದೆಡೆ ಕಲೆಹಾಕಿದರೆ ಯಾವುದು ಯಾರದೆಂದು ಹೇಳುವುದು ತೆಗೆದವರಿಗೂ ಕಷ್ಟವಾದೀತು. 2017ರಲ್ಲಿ ಹೊರಬಂದ 50 ರೂಪಾಯಿಯ ನೋಟಿನ ಮೇಲೂ ಅದೇ ರಥ. ಜೇಬಿನಲ್ಲಿ ಚಿತ್ರವನ್ನಿಟ್ಟುಕೊಂಡೇ ಅಲ್ಲಿಗೆ ಹೋಗುವ ನಾವು ನೋಟಿಗೂ ರಥಕ್ಕೂ ತಾಳೆ ನೋಡಿ ಹಿಂದಿರುಗುತ್ತೇವೆ.

ಈ ಏಕತಾನತೆಗೆ ನಮ್ಮ ಛಾಯಾಗ್ರಾಹಕರಲ್ಲಿ ಹಲವರು ಕಂಡುಕೊಂಡಿರುವ ಮದ್ದೆಂದರೆ ವಿಚಿತ್ರ ಕೋನ: ನೆಲದ ಮೇಲೆ ಮಲಗಿ ತೆಗೆಯುವುದು, ಕ್ಯಾಮರಾವನ್ನು ಓರೆಯಾಗಿ ಹಿಡಿಯುವುದು. ಇದನ್ನು ದೃಷ್ಟಿಯ ಹೊಸತನವೆಂದು ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ. ಅಪರಿಚಿತ ಶಬ್ದಗಳನ್ನು ಪೋಣಿಸಿದ ಮಾತ್ರಕ್ಕೆ ಕವಿತೆ ಹೊಸದಾಗುವುದಿಲ್ಲವಷ್ಟೆ.

1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪೆಯ ಚಿತ್ರಗಳನ್ನು ತೆಗೆದರು. ಅವರದು ಕಾಗದದ ದೊಡ್ಡ ನೆಗೆಟಿವ್. ಬೆಳಕು ಅದರ ಮೇಲೆ ನಿಧಾನವಾಗಿ ಮೂಡಬೇಕು, ಅಲ್ಲಿಯವರೆಗೆ ಪೆಟ್ಟಿಗೆ ಕದಲುವಂತಿಲ್ಲ. ಓರೆಕೋನದ ಹುಡುಗಾಟಕ್ಕೆ ಅಲ್ಲಿ ಎಡೆಯೆಲ್ಲಿ? ಎದುರಿಗೆ ಇದ್ದುದನ್ನು ಇದ್ದಂತೆ ನೋಡಿದರು. ಅವರ ಚಿತ್ರದಲ್ಲಿ ಕಲ್ಲಿನ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದಿದೆ! ಇಂದು ಅದಿಲ್ಲ. ಅಲ್ಲೊಂದು ಶಿಖರವಿತ್ತೆಂಬುದನ್ನು ಕಣ್ಣಾರೆ ಕಾಣಬೇಕಾದರೆ ಈಗ ನಮಗುಳಿದಿರುವುದು ಇಂಥ ಹಳೆಯ ಚಿತ್ರಗಳೇ.

1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವರು ಗ್ರೀನ್‌ಲಾ ನಿಂತಿದ್ದ ತಾವುಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. ಬೇಕೆಂದೇ ಇನ್ನೊಬ್ಬರ ಹೆಜ್ಜೆಯಲ್ಲಿ ಹೆಜ್ಜೆಯಿಟ್ಟವರಿಗೆ ಸ್ವಂತಿಕೆ ಎಲ್ಲಿಂದ ಬಂತು ಎಂದು ವಾಚಕರು ಕೇಳಬಹುದು. ಆ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಒಂದೊಂದರಲ್ಲೇ ಕಾಣದಿದ್ದುದು, ನಡುವೆ ಸರಿದುಹೋದ ಕಾಲ, ಕಣ್ಣಿಗೆ ಕಟ್ಟುತ್ತದೆ. ಇಷ್ಟು ಹೊಸದಾದುದನ್ನು ಯಾವ ಓರೆಕೋನವೂ ನನಗೆ ತೋರಿಸಿಲ್ಲ.

ಕಳೆದ ವರ್ಷ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದೆ. ಹುಡುಗರೆಲ್ಲ ರಥದೆದುರು ಸಾಲಾಗಿ ನಿಂತು ಫೋನು ಎತ್ತಿದರು, ನಾನೂ ಎತ್ತಿದೆ. (ಉಪಾಧ್ಯಾಯರಿಗೆ ಬೇರೆ ನ್ಯಾಯವೇ?) ಒಬ್ಬಳು ಮಾತ್ರ ಪಕ್ಕಕ್ಕೆ ಹೋಗಿ ಕುಳಿತವಳು ಬಹಳ ಹೊತ್ತು ಏಳಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ನಾನು ಗದರಿದ್ದೂ ಉಂಟು. ಹಿಂದಿರುಗುವಾಗ ಅವಳು ತೋರಿಸಿದ ಚಿತ್ರದಲ್ಲಿ ರಥವೇ ಪೂರ್ತಿಯಾಗಿ ಇರಲಿಲ್ಲ. ರಥದ ಮುಂದೆ ಈಗಿರುವ ಆನೆಗಳು ಮೂಲದವಲ್ಲ. ಮೊದಲು ಅಲ್ಲಿದ್ದುದು ಕುದುರೆಗಳು. ಆನೆಯ ಹಿಂದೆ ಕಲ್ಲಿನಲ್ಲಿ ಉಳಿದುಕೊಂಡಿರುವ ಕುದುರೆಯ ಹಿಂಗಾಲು, ಬಾಲ. ಅಷ್ಟೇ ಅವಳ ಚಿತ್ರ.

“ಆನೆ ಹಿಂದೆ ಈ ಬಾಲ ಯಾರದು ಅಂತ ನೋಡ್ತಾ ಕೂತೆ, ಸಾರ್,” ಎಂದಳು.

ಅದೇ ರಥವನ್ನು ಏಳೆಂಟು ಸಲ ನೋಡಿದವನು ನಾನು. ನನ್ನ ಫೋನಿನಲ್ಲಿದ್ದ ಚಿತ್ರವನ್ನು ಅವಳಿಗೆ ತೋರಿಸಲಿಲ್ಲ.