ಅವ್ವನ ಫೋನಿಗೆ ಕರೆನ್ಸಿ ಹಾಕಿಸೋರು ಯಾರು?

ಗೆಳತಿಯರೇ, ನಿಮ್ಮ ಮನೆಯಲ್ಲಿ ಮೊದಲು ಕರೆನ್ಸಿ ಖಾಲಿಯಾಗೋದು ಯಾರ ಫೋನಿನಲ್ಲಿ? ಯಜಮಾನರದ್ದು ಹಾಗೆಲ್ಲ ಬಂದ್ ಆಗಲ್ಲ. ಮಗನದ್ದಂತೂ ಆಗೋದೇ ಇಲ್ಲ. "ನಂಗ್ಯಾಕೆ ಬಿಡು, ಮನೇಲೇ ಇರ್ತೀನಲ್ಲ, ಮುಂದಿನ ತಿಂಗಳು ಹಾಕಿಸಿದ್ರಾಯ್ತು" ಅಂತ ಸುಮ್ಮನಾಗುವವಳು ಅವ್ವ. ನಮ್ಮ ದಂಡಿಗನಹಳ್ಳಿ ಹೋಬಳಿಯಲ್ಲಿ ಕೂಲಿಗೆ ಹೋಗುವ, ಡೇರಿಗೆ ಹಾಲು ಹಾಕುವ ಎಷ್ಟೋ ಹೆಣ್ಣುಮಕ್ಕಳು ಆಡುವ ಮಾತು ಇದೇ.

ಕೇಳೋಕೆ ಸಣ್ಣ ಸಂಗತಿ. ಆದರೆ ಸಿಲಿಂಡರ್ ತಂದವನಿಗೆ ಹೇಳಬೇಕಾದ ಕೋಡ್, ಬ್ಯಾಂಕಿನ ಒಟಿಪಿ, ದುಡ್ಡು ಜಮಾ ಆದ ಮೆಸೇಜು ಎಲ್ಲಾ ಬರೋದು ಅದೇ ಫೋನಿಗೆ. ಪ್ಯಾಕು ಮುಗಿದು ಕೆಲವು ದಿನಕ್ಕೆ ಒಳಬರುವ ಕರೆಯೂ ನಿಲ್ಲುತ್ತೆ. ತಿಂಗಳುಗಟ್ಟಲೆ ಬಿಟ್ಟರೆ ನಂಬರೇ ರದ್ದಾಗಿ ಬೇರೆಯವರ ಪಾಲಾಗಬಹುದು. ಹೀಗಿರುವಾಗ ಫೋನು ಶೋಕಿ ಅನ್ನೋಕಾಗುತ್ತಾ, ನೀವೇ ಹೇಳಿ!

ಬಡವರ ಫೋನಿಗೆ ಸರ್ಕಾರ ನೆರವಾಗಬೇಕು ಎನ್ನುವುದು ಹೊಸ ಮಾತಲ್ಲ. ಅಮೆರಿಕದಲ್ಲಿ 1985ರಿಂದಲೂ 'ಲೈಫ್‌ಲೈನ್' ಯೋಜನೆಯಡಿ ಕಡಿಮೆ ಆದಾಯದವರ ಫೋನ್ ಬಿಲ್ಲಿನಲ್ಲಿ ರಿಯಾಯಿತಿ ಇದೆ. ನಮ್ಮ ದೇಶದಲ್ಲಿ 2002ರ ಏಪ್ರಿಲ್ 1ರಿಂದ ಸಾರ್ವತ್ರಿಕ ಸೇವಾ ನಿಧಿ ಜಾರಿಗೆ ಬಂತು. ಫೋನ್ ಕಂಪನಿಗಳ ಆದಾಯದಲ್ಲಿ ನೂರಕ್ಕೆ 5 ರೂಪಾಯಿ ಈ ನಿಧಿಗೆ ಹೋಗುತ್ತೆ. ಅಂದರೆ ನಾವು ಹಾಕಿಸುವ ಕರೆನ್ಸಿಯಲ್ಲೇ ಅದರದ್ದೂ ಒಂದು ಪಾಲಿದೆ. ಆ ದುಡ್ಡಿನಲ್ಲಿ ಹಳ್ಳಿಗಳಿಗೆ ಸಾರ್ವಜನಿಕ ಫೋನು, ಮನೆಗಳಿಗೆ ಲ್ಯಾಂಡ್‌ಲೈನು, ಆಮೇಲೆ ಟವರು, ಪಂಚಾಯಿತಿಗೆ ಇಂಟರ್‌ನೆಟ್ ಕೇಬಲ್ಲು ಬಂದವು. 2011ರಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಮೊಬೈಲಿನಲ್ಲೇ ಮಾಹಿತಿ ತಲುಪಿಸುವ 'ಸಂಚಾರ ಶಕ್ತಿ' ಯೋಜನೆಯೂ ಇದರಡಿ ಬಂತು.

ಆಗ ಫೋನು ಇಲ್ಲದ್ದೇ ಕೊರತೆ. ಈಗ ಫೋನಿದೆ, ಕರೆನ್ಸಿ ಇಲ್ಲ. 2018ರ ಕೊನೆಗೆ ಕೆಲವು ಕಂಪನಿಗಳು ತಿಂಗಳಿಗೆ ಕನಿಷ್ಠ 35 ರೂ. ಹಾಕಿಸಲೇಬೇಕು ಎಂದಾಗ ನಾವೆಲ್ಲ ಗೊಣಗಿದ್ದೆವು. 2024ರ ಜುಲೈಗೆ 28 ದಿನದ ಸಣ್ಣ ಪ್ಯಾಕೇ ಕೆಲವು ಕಂಪನಿಗಳಲ್ಲಿ 199 ರೂ. ಆಯಿತು. 28 ದಿನ ಅಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ. ಒಟ್ಟು 2,587 ರೂಪಾಯಿ! 'ಗೃಹಲಕ್ಷ್ಮಿ'ಯ ಒಂದು ತಿಂಗಳ 2,000 ರೂಪಾಯಿಗಿಂತಲೂ ಹೆಚ್ಚು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋದು ಇದಕ್ಕೇ ಇರಬೇಕು.

ಹಾಗಂತ ಕೈಕಟ್ಟಿ ಕೂರೋದು ಬೇಡ. ಇಷ್ಟು ಮಾಡಿ:

* ಇಂಟರ್‌ನೆಟ್ ಬೇಡವಾದರೆ ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕನ್ನೇ ಕೇಳಿ. ಇಂಥ ಪ್ಯಾಕ್ ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದೆ. ಅಂಗಡಿಯವರು ತಾವಾಗಿ ಹೇಳದಿದ್ದರೆ ನೀವೇ ಬಾಯಿ ಬಿಟ್ಟು ಕೇಳಬೇಕು.

* 2025ರ ಜನವರಿಯಲ್ಲಿ ಬಂದ ಇಂಥ ಪ್ಯಾಕುಗಳು 84 ದಿನ, 365 ದಿನದವು. ಒಟ್ಟಿಗೆ ನಾನೂರಕ್ಕೂ ಹೆಚ್ಚು ಕೊಡೋದು ಕೂಲಿಯವರಿಗೆ ಕಷ್ಟ, ನಿಜ. ಸಾಸಿವೆ ಡಬ್ಬಿಯಲ್ಲಿ ವಾರವಾರ ಒಂದಿಷ್ಟು ಎತ್ತಿಡಿ.

* ಸಿಮ್ ನಿಮ್ಮ ಹೆಸರಿನಲ್ಲೇ ಇರಲಿ. ಮಗನ ಹೆಸರಿನಲ್ಲಿದ್ದರೆ ಇಬ್ಬರೂ ಆಧಾರ್ ಹಿಡಿದು ಕಂಪನಿಯ ಮಳಿಗೆಗೆ ಹೋಗಿ, ಬದಲಾಯಿಸೋದು ಹೇಗೆಂದು ಕೇಳಿ. ಚನ್ನರಾಯಪಟ್ಟಣಕ್ಕೆ ಸರ್ಕಾರಿ ಬಸ್ಸಿನಲ್ಲಿ ಹೋದರೆ 'ಶಕ್ತಿ' ಯೋಜನೆ ಇದ್ದೇ ಇದೆ!

* ಹಳೇ ನಂಬರ್ ಕೈಬಿಟ್ಟಿದ್ದರೆ ಬ್ಯಾಂಕು, ಗ್ಯಾಸ್ ಏಜೆನ್ಸಿ, ಆಧಾರ್ ಮೂರರಲ್ಲೂ ಹೊಸದು ಬರೆಸಿ. ಇಲ್ಲವಾದರೆ ನಿಮ್ಮ ಬ್ಯಾಂಕಿನ ಮೆಸೇಜು ಇನ್ಯಾರಿಗೋ ಹೋದೀತು.

ಇದೆಲ್ಲ ನಾವು ಮಾಡಿಕೊಳ್ಳಬಹುದಾದ್ದು. ಉಳಿದಿದ್ದು ಸರ್ಕಾರ ಮಾಡಬೇಕಾದ್ದು. ಹಳೇ ನಿಧಿಗೆ ಈಗ 'ಡಿಜಿಟಲ್ ಭಾರತ್ ನಿಧಿ' ಅಂತ ಹೆಸರು. 2024ರ ಆಗಸ್ಟ್‌ನಲ್ಲಿ ಬಂದ ಅದರ ನಿಯಮದಲ್ಲೇ ಮಹಿಳೆಯರು, ಅಂಗವಿಕಲರು, ಆರ್ಥಿಕವಾಗಿ ಹಿಂದುಳಿದವರಿಗೆ ಫೋನ್ ಸೇವೆ ತಲುಪಿಸುವ ಮಾತಿದೆ. ಹಾಗಿದ್ದರೆ ಬಿಪಿಎಲ್ ಕಾರ್ಡಿನ ಪ್ರತಿ ಹೆಣ್ಣುಮಗಳಿಗೂ ಕರೆ, ಎಸ್‌ಎಂಎಸ್ ಇರುವ ಒಂದು ಸಣ್ಣ ಪ್ಯಾಕನ್ನು ಆ ನಿಧಿಯಿಂದ ಯಾಕೆ ಕೊಡಬಾರದು? ಪಡಿತರದ ಅಕ್ಕಿಯನ್ನು ಯಾರೂ ಭಿಕ್ಷೆ ಅನ್ನಲ್ಲ. ಸರ್ಕಾರದ ಪ್ರತಿ ಕೆಲಸಕ್ಕೂ ಮೊಬೈಲ್ ನಂಬರ್ ಕೇಳುವವರು ಆ ನಂಬರ್ ಜೀವಂತ ಇರುವಂತೆಯೂ ನೋಡಿಕೊಳ್ಳಬೇಕಲ್ಲವೇ?

ಮುಂದಿನ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಈ ಮಾತೆತ್ತಿ. ಒಬ್ಬಳು ಕೇಳಿದರೆ ಗೊಣಗಾಟ ಅಂತಾರೆ, ಇಪ್ಪತ್ತು ಜನ ಸಹಿ ಹಾಕಿ ಕೊಟ್ಟರೆ ಅದು ಅರ್ಜಿ. ಅಲ್ಲಿಯವರೆಗೆ, ಮನೆಯಲ್ಲಿ ಕರೆನ್ಸಿ ಹಾಕಿಸುವ ದಿನ ಅವ್ವನ ಫೋನಿಂದಲೇ ಶುರು ಮಾಡಿ.