ಹಳೆಯ ಬೇಸ್ ಗಿಟಾರಿಗೆ ಇನ್ನೊಂದು ಕಿವಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವಿನ ವಾಮದಪದವಿನಲ್ಲಿ ಒಂದು ಮನೆ. ಮುಂಬಯಿಯಲ್ಲಿ ವಾದ್ಯಗೋಷ್ಠಿಗೆ ನುಡಿಸುತ್ತಿದ್ದ ಸೋದರಮಾವನ ಹಳೆಯ ಎಲೆಕ್ಟ್ರಿಕ್ ಬೇಸ್ ಗಿಟಾರ್ ಪಿಯುಸಿ ಓದುವ ಅಳಿಯನ ಕೈಸೇರಿದೆ ಎಂದಿಟ್ಟುಕೊಳ್ಳಿ. ಅದರಲ್ಲಿರುವುದು ಒಂದೇ ಪಿಕಪ್. ಇನ್ನೊಂದನ್ನು ಕೂರಿಸಿದರೆ ರಸಮಂಜರಿಯ ಗದ್ದಲದಲ್ಲೂ ಸ್ವರ ಬಿಡಿಬಿಡಿಯಾಗಿ ಕೇಳೀತು ಎಂಬುದು ಹುಡುಗನ ಆಸೆ.

“ಒಂದು ಸಣ್ಣ ಗುಂಡಿ ತೆಗೆದರೆ ಆಯಿತು ಅಪ್ಪ.”

“ಗುಂಡಿ ತೆಗೆಯುವುದು ಸುಲಭ ಮಾರಾಯ. ಮತ್ತೆ ಮೊದಲಿನ ಹಾಗೆ ಮಾಡ್ಲಿಕ್ಕೆ ಆಗ್ತದಾ?”

ಇಬ್ಬರ ಮಾತಿನಲ್ಲೂ ಹುರುಳಿದೆ.

ಮಗನ ಪರವಾಗಿ ಹೇಳಲು ನಮ್ಮ ನಾಡಿನಲ್ಲೇ ಸಾಕ್ಷಿಗಳಿವೆ. ಸಭಾಂಗಣಗಳಲ್ಲಿ ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿಗೂ ಪಿಟೀಲು ಕೇಳಿಸಲೆಂದು ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿಗಳ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿದರು. ಇದೇ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಪಾಶ್ಚಾತ್ಯರ ಸ್ಯಾಕ್ಸೋಫೋನನ್ನು ಕರ್ನಾಟಕ ಸಂಗೀತದ ಗಮಕಗಳಿಗೆ ಒಗ್ಗುವಂತೆ ಮಾರ್ಪಡಿಸಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ಬೇಸ್ ಗಿಟಾರಿನಲ್ಲೂ ಇಂಥ ಉದಾಹರಣೆಯಿದೆ. ಅಮೆರಿಕದ ಬಿಲ್ಲಿ ಶೀಹನ್ ತನ್ನ ಫೆಂಡರ್ ಪ್ರಿಸಿಷನ್ ಬೇಸಿಗೆ, ಕತ್ತಿನ ಬಳಿ, ಗಿಬ್ಸನ್ ಬೇಸಿನ ಪಿಕಪ್ಪೊಂದನ್ನು ಕೂರಿಸಿದ. ಇನ್ನಷ್ಟು ಆಳವಾದ ನಾದ ಅವನಿಗೆ ಬೇಕಾಗಿತ್ತು. ಈ ಮೂವರಲ್ಲೂ ಒಂದು ಸಾಮ್ಯವಿದೆ: ತಮ್ಮ ವಾದ್ಯದಲ್ಲಿ ಯಾವುದರ ಕೊರತೆಯಿದೆ ಎಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಅಷ್ಟಕ್ಕೂ ಪಿಕಪ್ ಎಂದರೇನು? ಅಯಸ್ಕಾಂತ ಮತ್ತು ಅದರ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ವಯರಿನ ಸಾವಿರಾರು ಸುತ್ತುಗಳು. ಅದರ ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಏರುಪೇರಾಗುತ್ತದೆ. ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ಇದೇ ತತ್ತ್ವವನ್ನು ಪಿಯುಸಿ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಪಿಕಪ್ ಬೇಸ್ ಗಿಟಾರಿನ ಕಿವಿ. ಈ ಕಿವಿ ಎಲ್ಲಿದೆ ಎಂಬುದರ ಮೇಲೆ ಅದಕ್ಕೆ ಏನು ಕೇಳಿಸುತ್ತದೆ ಎಂಬುದು ನಿಂತಿದೆ.

1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್ ಬೇಸಿಗೆ ಒಂದೇ ಪಿಕಪ್ ಇತ್ತು. 1960ರಲ್ಲಿ ಬಂದ ಜಾಜ್ ಬೇಸಿಗೆ ಎರಡು. ವ್ಯತ್ಯಾಸವೇನೆಂದು ತಿಳಿಯಲು ಸೈನ್ ಕೋಷ್ಟಕ ಸಾಕು. ಈ ಬೇಸ್‌ಗಳ ತಂತಿಯ ಕಂಪಿಸುವ ಉದ್ದ 34 ಅಂಗುಲ, ಅಂದರೆ ಸುಮಾರು 86 ಸೆಂ.ಮೀ. ಬಿಟ್ಟ ತಂತಿಯನ್ನು ಮೀಟಿದಾಗ ಮೂಲಸ್ವರದ ಅಲುಗಾಟ ನಟ್ಟನಡುವೆ ಅತಿ ಹೆಚ್ಚು. ಬ್ರಿಜ್‌ನಿಂದ ಉದ್ದದ ನಾಲ್ಕನೇ ಒಂದು ಭಾಗ ದೂರದಲ್ಲಿ ಅದು ನಡುವಿನ ಅಲುಗಾಟದ ಶೇ. 71ರಷ್ಟಿರುತ್ತದೆ. ಹತ್ತನೇ ಒಂದು ಭಾಗ ದೂರದಲ್ಲಿ ಶೇ. 31 ಮಾತ್ರ. ಮೂಲಸ್ವರದ ಜೊತೆಗೇ ಹುಟ್ಟುವ ಎರಡು ಪಟ್ಟು, ಮೂರು ಪಟ್ಟು ಆವರ್ತನದ ಹಾರ್ಮೋನಿಕ್‌ಗಳು ಅಲ್ಲಿ ಇಷ್ಟು ಸೊರಗುವುದಿಲ್ಲ. ಹೀಗಾಗಿ ಬ್ರಿಜ್ ಬಳಿಯ ಪಿಕಪ್ಪಿಗೆ ಚೂಪಾದ, ಬಿಡಿಬಿಡಿಯಾದ ದನಿ. ಕತ್ತಿನ ಬಳಿಯದಕ್ಕೆ ಗುಂಭವಾದ ದನಿ. ರಸಮಂಜರಿಯ ಹುಡುಗನಿಗೆ ಬೇಕಾಗಿರುವುದು ಬ್ರಿಜ್ ಬಳಿಯ ಪಿಕಪ್. ಶೀಹನ್‌ಗೆ ಬೇಕಾಗಿದ್ದುದು ಕತ್ತಿನ ಬಳಿಯದು.

ಹಾಗಾದರೆ ಉಳಿ ಕೈಗೆತ್ತಿಕೊಳ್ಳಬಹುದೇ? ಅದಕ್ಕೆ ಮೊದಲು ಮಾಡಬಹುದಾದ ಒಂದು ಪರೀಕ್ಷೆಯಿದೆ. ಹೊಸ ಪಿಕಪ್ಪಿನ ಎರಡು ವಯರುಗಳನ್ನು ಒಂದು ಕೇಬಲ್ಲಿಗೆ ಬೆಸೆದು ನೇರವಾಗಿ ಆಂಪ್ಲಿಫೈಯರಿಗೆ ಜೋಡಿಸಬೇಕು. ಪಿಕಪ್ಪನ್ನು ಮಗುಚಿ, ತಂತಿಗಳ ಮೇಲುಗಡೆ, ತಾಗದಷ್ಟು ಹತ್ತಿರ ಹಿಡಿಯಬೇಕು. ತಂತಿ ಮೇಲಿದ್ದರೇನು, ಕೆಳಗಿದ್ದರೇನು, ಅಯಸ್ಕಾಂತಕ್ಕೆ ಭೇದವಿಲ್ಲ. ಒಬ್ಬರು ಮೀಟುತ್ತಿರಲು ಇನ್ನೊಬ್ಬರು ಪಿಕಪ್ಪನ್ನು ಬ್ರಿಜ್‌ನಿಂದ ಕತ್ತಿನವರೆಗೆ ನಿಧಾನವಾಗಿ ಸರಿಸಿದರೆ ದನಿ ಬದಲಾಗುವುದು ಕಿವಿಗೇ ತಿಳಿಯುತ್ತದೆ. ಹಿಡಿಸಿದ ಜಾಗವನ್ನು ಕಾಗದದ ಪಟ್ಟಿ ಅಂಟಿಸಿ ಗುರುತು ಹಾಕಬಹುದು. ಈ ಕೆಲಸಕ್ಕೆ ಅಪ್ಪ ಮಗ ಇಬ್ಬರೂ ಬೇಕು! ಎಷ್ಟೋ ಸಲ ಇಲ್ಲಿಗೇ ಉತ್ತರ ಸಿಗುತ್ತದೆ. ಹೊಸ ತಂತಿ ಹಾಕಿದರೆ, ಅಥವಾ ಬೆರಳನ್ನು ಬ್ರಿಜ್ ಕಡೆಗೆ ತುಸು ಸರಿಸಿ ಮೀಟಿದರೆ, ಬೇಕಾದ ದನಿ ಬಂದೀತು.

ಎರಡನೆಯ ಪಿಕಪ್ ಬೇಕೇ ಬೇಕೆಂದಾದರೆ ತಿಳಿದಿರಬೇಕಾದ ಸಂಗತಿಗಳು ಕೆಲವಿವೆ. ಎರಡು ಪಿಕಪ್‌ಗಳನ್ನು ಒಟ್ಟಿಗೆ ತೆರೆದಾಗ ದನಿ ತುಂಬಿಕೊಳ್ಳುವ ಬದಲು ಸೊರಗಿ ಪೊಳ್ಳಾದರೆ, ಒಂದರ ವಿದ್ಯುತ್ತು ಇನ್ನೊಂದಕ್ಕೆ ಎದುರಾಗಿದೆ ಎಂದರ್ಥ. ಒಂದು ಪಿಕಪ್ಪಿನ ಎರಡು ವಯರುಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಆದರೆ ಲೋಹದ ಮುಚ್ಚಳಕ್ಕೆ ಸೇರಿದ ವಯರಿದ್ದರೆ ಮೊದಲು ಅದನ್ನು ಬೇರ್ಪಡಿಸಬೇಕು. ಒಂಟಿ ಸುರುಳಿಯ ಪಿಕಪ್ ಮನೆಯ 50 ಹರ್ಟ್ಸ್ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಬೇಸಿನ ಅತಿ ಕೆಳಗಿನ ತಂತಿ ಸುಮಾರು 41, ಅದರ ಮುಂದಿನದು 55 ಹರ್ಟ್ಸ್. ಗುಂಯ್ ಎನ್ನುವ ಸದ್ದು ಇವೆರಡರ ನಡುವೆಯೇ ಬರುತ್ತದೆ. ಇನ್ನು ಪಿಕಪ್ಪನ್ನು ತೀರಾ ಎತ್ತರಿಸಿದರೆ ಅಯಸ್ಕಾಂತ ತಂತಿಯನ್ನು ಎಳೆದು ಶ್ರುತಿ ಕೆಡಿಸುತ್ತದೆ.

ಈಗ ಅಪ್ಪನ ಮಾತು. ಹಳೆಯ ಬೇಸ್ ಬರೀ ಮರದ ತುಂಡಲ್ಲ. ಮೂಲ ಸ್ಥಿತಿಯಲ್ಲೇ ಉಳಿದ ವಾದ್ಯಕ್ಕೆ ಬೆಲೆ ಹೆಚ್ಚು. ಗುಂಡಿ ಬಿದ್ದರೆ ಆ ಬೆಲೆ ಇಳಿಯುತ್ತದೆ. ಕರಾವಳಿಯ ಮಳೆಗಾಲದ ತೇವಕ್ಕೆ ಹೊಸದಾಗಿ ಕೆತ್ತಿದ ಮರ ಬಾಯಿ ತೆರೆದುಕೊಂಡಿರುತ್ತದೆ. ಅದಕ್ಕೆ ವಾರ್ನಿಶ್ ಬಳಿದು ಮುಚ್ಚದಿದ್ದರೆ ಮರವೂ ಕೆಡುತ್ತದೆ, ಒಳಗಿನ ಬೆಸುಗೆಯೂ ಕೆಡುತ್ತದೆ. ಆದ್ದರಿಂದ ಹಿಂದಕ್ಕೆ ಪಡೆಯಬಹುದಾದ ಕೆಲಸ ಮೊದಲು, ಪಡೆಯಲಾಗದ್ದು ಕೊನೆಗೆ. ಪೀಜೋ ಬಿಲ್ಲೆಯನ್ನು ಮೈಗೆ ಅಂಟಿಸಿ ನೋಡಬಹುದು. ಅದಕ್ಕೊಂದು ಚಿಕ್ಕ ಪ್ರಿ-ಆಂಪ್ಲಿಫೈಯರ್ ಬೇಕಾದೀತು, ಆದರೆ ಮರಕ್ಕೆ ಗಾಯವಿಲ್ಲ. ಕೆತ್ತಲೇಬೇಕಾದರೆ ಅಗ್ಗದ ಇನ್ನೊಂದು ಬೇಸಿನಲ್ಲಿ ಕೈ ಪಳಗಿಸಿಕೊಳ್ಳಲಿ. ಬಿಚ್ಚಿದ ಹಳೆಯ ಸ್ಕ್ರೂ, ವಯರು, ತಗಡುಗಳನ್ನು ಡಬ್ಬಿಯಲ್ಲಿ ಹಾಕಿ, ಮೊದಲಿನ ಜೋಡಣೆಯ ಚಿತ್ರ ಬರೆದಿಡಲಿ.

ಹೆತ್ತವರು ಮರೆಯಬಾರದ ಮಾತೊಂದಿದೆ. ಬೇಸಿನ ತಂತಿಗಳು ಸಾಮಾನ್ಯವಾಗಿ ಬ್ರಿಜ್ ಮೂಲಕ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ ಸೇರಿರುತ್ತವೆ. ಮೂರು ಪಿನ್ನಿನ ಪ್ಲಗ್ಗಿಗೆ ಸರಿಯಾದ ಅರ್ತಿಂಗ್ ಇಲ್ಲದಿದ್ದರೆ, ಆಂಪ್ಲಿಫೈಯರಿನೊಳಗೆ ದೋಷ ಹುಟ್ಟಿದಾಗ ನುಡಿಸುವವನಿಗೇ ಶಾಕ್. ಒದ್ದೆ ನೆಲದ ಬಯಲು ರಂಗದಲ್ಲಿ ಇದು ಜೀವಕ್ಕೇ ಎರವಾಗಬಹುದು. ಎರಡನೆಯ ಪಿಕಪ್ಪಿನ ಖರ್ಚಿಗೆ ಮೊದಲು ಎಲೆಕ್ಟ್ರಿಶಿಯನ್‌ನನ್ನು ಕರೆಸಿ ಅರ್ತಿಂಗ್ ನೋಡಿಸುವುದು ಲೇಸು.

ಇಷ್ಟೆಲ್ಲ ಆದ ಮೇಲೂ ಹುಡುಗನಿಗೆ ಇನ್ನೊಂದು ಪಿಕಪ್ ಬೇಕೆನ್ನಿಸಿದರೆ ಅದು ಬರೀ ಹಟವಲ್ಲ. ತನ್ನ ವಾದ್ಯಕ್ಕೆ ಏನು ಸಾಲದೆಂದು ಅವನು ಕೇಳಿ ತಿಳಿದಿದ್ದಾನೆ. ಆಗ ಗುರುತು ಹಾಕಿದ ಕಾಗದದ ಪಟ್ಟಿಯೊಡನೆ ವಾದ್ಯವನ್ನು ಕೈ ಪಳಗಿದವರ ಬಳಿ ಒಯ್ಯುವಾಗ ಅಪ್ಪನೂ ಜೊತೆಗೆ ಹೋಗಬಹುದು.