ಹಾರ್ಮೋನಿನ ಪಾಠದಲ್ಲಿ ಬದಿಗೆ ಸರಿಯುವ ಪ್ರಶ್ನೆ

ಹತ್ತನೆಯ ತರಗತಿಯ ‘ನಿಯಂತ್ರಣ ಮತ್ತು ಸಹಭಾಗಿತ್ವ’ ಘಟಕಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಬರೆಯುವ ಪಾಠಯೋಜನೆಗಳನ್ನು ಪ್ರತಿ ವರ್ಷ ನೋಡುತ್ತೇನೆ. ಥೈರಾಕ್ಸಿನ್‌ಗೆ ಅಯೋಡಿನ್ ಉಪ್ಪಿನ ಪೊಟ್ಟಣ, ಇನ್ಸುಲಿನ್‌ಗೆ ಸಕ್ಕರೆ ಕಾಯಿಲೆಯ ಉದಾಹರಣೆ ಇದ್ದೇ ಇರುತ್ತವೆ. ಟೆಸ್ಟೋಸ್ಟೆರಾನ್, ಈಸ್ಟ್ರೋಜನ್ ಬಂದಾಗ ಮಾತ್ರ ಕೋಷ್ಟಕದ ಎರಡು ಸಾಲು ಓದಿಸಿ ಮುಂದೆ ಹೋಗುತ್ತಾರೆ. ‘ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವವರೂ ಹಾರ್ಮೋನ್ ತಗೋತಾರಾ ಸರ್?’ ಎಂದು ಮಗು ಕೇಳಿದರೆ, ‘ಅದು ಪರೀಕ್ಷೆಗಿಲ್ಲ, ಕೂತ್ಕೋ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರವನ್ನು ನಾವು ಬಿಡಬೇಕು.

ಏಕೆಂದರೆ ಅದು ವಿಜ್ಞಾನದ ಪ್ರಶ್ನೆ. ಲಿಂಗತ್ವ ಅಲ್ಪಸಂಖ್ಯಾತರೆಲ್ಲರೂ ಔಷಧ ಬಯಸುವುದಿಲ್ಲ. ಔಷಧ ಪಡೆದರಷ್ಟೇ ಅವರ ಗುರುತು ನಿಜ ಎಂದೂ ಅಲ್ಲ. ಬಯಸುವ ವಯಸ್ಕರಲ್ಲಿ ಹೆಣ್ಣಾಗಿ ಬದುಕುವವರಿಗೆ ವೈದ್ಯರು ಸಾಮಾನ್ಯವಾಗಿ ಎಸ್ಟ್ರಾಡಿಯಾಲ್ ಮತ್ತು ಟೆಸ್ಟೋಸ್ಟೆರಾನ್‌ನ ಪ್ರಭಾವ ತಗ್ಗಿಸುವ ಔಷಧ ಕೊಡುತ್ತಾರೆ. ಗಂಡಾಗಿ ಬದುಕುವವರಿಗೆ ಟೆಸ್ಟೋಸ್ಟೆರಾನ್ ಕೊಡುತ್ತಾರೆ. ಬದಲಾವಣೆ ಕಾಣಲು ತಿಂಗಳುಗಳು ಬೇಕು, ರಕ್ತಪರೀಕ್ಷೆ ನಡೆಯುತ್ತಲೇ ಇರಬೇಕು. ಟೆಸ್ಟೋಸ್ಟೆರಾನ್‌ನಿಂದ ಒಡೆದ ದನಿ ಔಷಧ ನಿಲ್ಲಿಸಿದರೂ ಮೊದಲಿನಂತಾಗದು. ಹರೆಯದಲ್ಲೇ ಒಡೆದ ದನಿಯನ್ನು ಎಸ್ಟ್ರಾಡಿಯಾಲ್ ಹಿಂದಕ್ಕೆ ತಾರದು. ಹಾರ್ಮೋನಿನ ಕೆಲವು ಪರಿಣಾಮ ತಾತ್ಕಾಲಿಕ, ಕೆಲವು ಶಾಶ್ವತ ಎಂದು ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೌನಕ್ಕೆ ಬೆಲೆಯೂ ಇದೆ. ವೈದ್ಯರ ಬಳಿ ಹೋಗಲು ನಾಚಿ, ಔಷಧಿ ಅಂಗಡಿಯಿಂದ ಗರ್ಭನಿರೋಧಕ ಮಾತ್ರೆ ತಂದು ತಾವಾಗಿಯೇ ನುಂಗುವವರು ನಮ್ಮ ದೇಶದಲ್ಲಿದ್ದಾರೆ. ಅವುಗಳಲ್ಲಿ ಸಾಮಾನ್ಯವಾಗಿರುವ ಎಥಿನೈಲ್ ಎಸ್ಟ್ರಾಡಿಯಾಲ್ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ. ‘ವೈದ್ಯರಿಲ್ಲದೆ ಹಾರ್ಮೋನು ಬೇಡ’ ಎಂಬ ಒಂದು ಮಾತು ಪಾಠದಲ್ಲಿ ಕಿವಿಗೆ ಬಿದ್ದಿದ್ದರೆ ಮುಂದೊಮ್ಮೆ ಜೀವ ಉಳಿಸಬಹುದು.

‘ಶಿಕ್ಷಕ ವೈದ್ಯನಲ್ಲ, ಪೋಷಕರು ಬಂದು ಕೇಳಿದರೆ?’ ಎನ್ನುವ ಸಹೋದ್ಯೋಗಿಗಳ ಆತಂಕ ಸಣ್ಣದಲ್ಲ. ಪ್ರಮಾಣ ಹೇಳುವುದು, ಸಲಹೆ ಕೊಡುವುದು ನಮ್ಮ ಕೆಲಸವಲ್ಲ. ಹದಿನೆಂಟರೊಳಗಿನವರ ಚಿಕಿತ್ಸೆಯ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ. ಹರೆಯವನ್ನು ತಡೆಹಿಡಿಯುವ ಔಷಧಗಳನ್ನು ವಾಡಿಕೆಯಂತೆ ಕೊಡುವುದನ್ನು ಇಂಗ್ಲೆಂಡ್ 2024ರಲ್ಲಿ ನಿಲ್ಲಿಸಿತು. ಅದನ್ನೂ ಮುಚ್ಚಿಡಬೇಕಿಲ್ಲ. ಆದರೆ 2019ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯ 13ನೇ ಸೆಕ್ಷನ್ ಲಿಂಗತ್ವ ಅಲ್ಪಸಂಖ್ಯಾತರಿಗೆ ತಾರತಮ್ಯವಿಲ್ಲದ ಶಿಕ್ಷಣ ಕೊಡುವ ಹೊಣೆಯನ್ನು ಶಾಲೆಗಳ ಮೇಲೆ ಹೊರಿಸಿದೆ. 15ನೇ ಸೆಕ್ಷನ್ ಹಾರ್ಮೋನು ಚಿಕಿತ್ಸೆಯನ್ನು ಸರ್ಕಾರ ಒದಗಿಸಬೇಕಾದ ಆರೋಗ್ಯ ಸೇವೆಗಳಲ್ಲಿ ಸೇರಿಸಿದೆ. ಕಾನೂನಿನಲ್ಲೇ ಇರುವ ಪದವನ್ನು ತರಗತಿಯಲ್ಲಿ ಉಚ್ಚರಿಸಲು ನಾವು ಹೆದರಬೇಕೆ? ಈ ವಿಷಯದಲ್ಲಿ ಶಿಕ್ಷಕರ ತರಬೇತಿಗೆಂದು ಎನ್‌ಸಿಇಆರ್‌ಟಿ 2021ರಲ್ಲಿ ಪ್ರಕಟಿಸಿದ ಕೈಪಿಡಿ ಆಕ್ಷೇಪಣೆಗಳ ನಂತರ ಜಾಲತಾಣದಿಂದ ಮರೆಯಾಯಿತು. ಹಾಗಾಗಿ ತಯಾರಿಯ ಭಾರ ನಮ್ಮಂಥ ಕಾಲೇಜುಗಳ ಮೇಲೇ ಬಿದ್ದಿದೆ.

ನನ್ನ ಸಲಹೆ ಸರಳ. ಈ ಘಟಕದ ಪಾಠಯೋಜನೆಯಲ್ಲಿ ‘ನಿರೀಕ್ಷಿತ ಪ್ರಶ್ನೆಗಳು’ ಎಂಬ ಒಂದು ಅಂಕಣವಿರಲಿ, ಅದರಲ್ಲಿ ಈ ಪ್ರಶ್ನೆಗೆ ಮೂರು ವಾಕ್ಯದ ಉತ್ತರವಿರಲಿ. ಬೋಧನಾಭ್ಯಾಸಕ್ಕೆ ಹೊರಡುವ ಮುನ್ನ ಅದನ್ನು ಸಹಪಾಠಿಗಳ ಎದುರು ನಗದೆ, ತಡವರಿಸದೆ ಹೇಳಿ ಅಭ್ಯಾಸ ಮಾಡಲಿ. ತರಗತಿ ನಕ್ಕರೂ ಶಿಕ್ಷಕ ನಗಬಾರದು. ಪ್ರಶ್ನೆ ಕೇಳಿದ ಮಗು ತನ್ನ ಬಗ್ಗೆಯೇ ಕೇಳಿರಬಹುದು.